ಪುಸ್ತಕ ಓದಿ ಸಿನಿಮಾ ನೋಡೋದು ಹೇಗೆ, ಆಮೇಲೆ ಸರಿಯಾಗಿ ಬೈಯೋದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಸ್ಪಾಯ್ಲರ್‌ಗಳಿವೆ. 'ದಿ ಗಿವರ್', 'ಪರ್ಸಿ ಜಾಕ್ಸನ್', 'ಹಂಗರ್ ಗೇಮ್ಸ್', 'ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್' ಇವುಗಳಲ್ಲಿ ಯಾವುದನ್ನಾದರೂ ಓದೋಣ ಅಂತ ಎತ್ತಿಟ್ಟುಕೊಂಡಿದ್ದರೆ ಆ ಭಾಗ ಬಿಟ್ಟು ಮುಂದಕ್ಕೆ ಹೋಗಿ. ನನ್ನ ಮೇಲೆ ಕೋಪ ಮಾಡಿಕೊಳ್ಳಬೇಡಿ.

ಯಂಗ್ ಅಡಲ್ಟ್ ಕಾದಂಬರಿ (ಹದಿಹರೆಯದವರಿಗೆ ಅಂತ ಬರೆದದ್ದು) ಓದಿ ಆಮೇಲೆ ಸಿನಿಮಾ ನೋಡುವ ನಮ್ಮಂಥವರ ಬಾಯಲ್ಲಿ ಒಂದು ಮಾತು ಯಾವಾಗಲೂ ರೆಡಿ ಇರುತ್ತದೆ: "ಪುಸ್ತಕವೇ ಚೆನ್ನಾಗಿತ್ತು." ಯಾಕೆ ಅಂತ ಕೇಳಿ ನೋಡಿ. "ಎಷ್ಟೊಂದು ಬದಲಾಯಿಸಿದ್ದಾರೆ, ಆ ಸೀನೇ ಇಲ್ಲ, ಅವಳ ಕೂದಲು ಬೇರೆ ಬಣ್ಣ." ಅಷ್ಟೇ. ಇದು ಅಭಿಪ್ರಾಯ ಅಲ್ಲ, ಬರೀ ಪಟ್ಟಿ. ನಾನೂರು ಪುಟದ ಕಥೆ ಎರಡು ಚಿಲ್ಲರೆ ಗಂಟೆಯಲ್ಲಿ ಮುಗಿಯಬೇಕು ಅಂದರೆ ಬದಲಾಯಿಸದೆ ಇನ್ನೇನು ಮಾಡುತ್ತಾರೆ? ಬದಲಾಯಿಸಿದ್ದು ಸರಿಯಾ ತಪ್ಪಾ ಅಂತ ತೀರ್ಮಾನ ಮಾಡೋಕೆ ನಾನು ನೋಡೋದು ಒಂದೇ ವಿಷಯ. ಕಥೆಯ ಗುಟ್ಟು ನಮಗೆ ಯಾವಾಗ ಗೊತ್ತಾಗುತ್ತದೆ, ಯಾರ ಕಣ್ಣಿಂದ ಗೊತ್ತಾಗುತ್ತದೆ? ಇದೊಂದನ್ನು ಹಿಡಿದುಕೊಂಡರೆ ಕೂದಲಿನ ಬಣ್ಣದ ಜಗಳ ಅರ್ಧ ತಾನಾಗೇ ಬಿದ್ದುಹೋಗುತ್ತದೆ.

ಯಾವುದು ಮೊದಲು

ಎಲ್ಲದಕ್ಕೂ ಪುಸ್ತಕವೇ ಮೊದಲು ಅನ್ನುವವರನ್ನು ನಾನು ನಂಬುವುದಿಲ್ಲ. ದಪ್ಪ ದಪ್ಪ ಪುಸ್ತಕ, ಮೊದಲ ಐವತ್ತು ಪುಟದಲ್ಲೇ ಮೂವತ್ತು ವಿಚಿತ್ರ ಹೆಸರು, ಮುಂದೆ ಒಂದು ಮ್ಯಾಪ್ ಬೇರೆ. ಅಂಥದ್ದಕ್ಕೆ ಒಂದು ಎಪಿಸೋಡ್ ನೋಡಿ ಆಮೇಲೆ ಪುಸ್ತಕ ಹಿಡಿದರೆ ಯಾರಿಗೂ ನಷ್ಟ ಇಲ್ಲ. ಮುಖಗಳು ತಲೆಯಲ್ಲಿ ಕೂತಿರುತ್ತವೆ, ಓದು ಸಲೀಸಾಗುತ್ತದೆ. ಆದರೆ ಮೊದಲು ಒಂದು ವಿಷಯ ನೋಡಿಕೊಳ್ಳಿ. ಸೀರೀಸ್ ಒಂದೇ ಪುಸ್ತಕದ್ದಾ, ಎರಡು ಸೇರಿಸಿದ್ದಾ? ನೆಟ್‌ಫ್ಲಿಕ್ಸ್‌ನ 'ಶ್ಯಾಡೋ ಅಂಡ್ ಬೋನ್' 2021ರಲ್ಲಿ ಬಂದಾಗ ಲೀ ಬಾರ್ಡುಗೋ ಅವರ ಎರಡು ಬೇರೆ ಬೇರೆ ಸರಣಿಗಳ ಪಾತ್ರಗಳನ್ನು ಒಂದೇ ಕಥೆಯಲ್ಲಿ ಹೆಣೆದಿದ್ದರು. ಸೀರೀಸ್ ನೋಡಿ ಕಾಜ್ ಬ್ರೆಕ್ಕರ್ ಅನ್ನೋ ಪಾತ್ರ ಇಷ್ಟವಾಗಿ ಮೊದಲ ಪುಸ್ತಕ ತೆಗೆದರೆ ಅವನು ಅದರಲ್ಲಿ ಇರುವುದೇ ಇಲ್ಲ! ಅವನು ಬೇಕಿದ್ದರೆ ನೇರವಾಗಿ 'ಸಿಕ್ಸ್ ಆಫ್ ಕ್ರೋಸ್'ಗೆ ಹೋಗಬೇಕು. ಸೀರೀಸ್ ಎರಡನೇ ಸೀಸನ್ನಿಗೇ ನಿಂತುಹೋಯಿತು, ಹಾಗಾಗಿ ಮುಂದಿನದು ಬೇಕಿದ್ದವರಿಗೆ ಪುಸ್ತಕ ಬಿಟ್ಟರೆ ಬೇರೆ ದಾರಿ ಇಲ್ಲ.

ಕೆಲವು ಪುಸ್ತಕಗಳನ್ನು ಮಾತ್ರ ಸಿನಿಮಾಗೆ ಮೊದಲೇ ಓದಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಲೋಯಿಸ್ ಲೌರಿ 1993ರಲ್ಲಿ ಬರೆದ 'ದಿ ಗಿವರ್' ಅಂಥದ್ದು. ತೆಳ್ಳನೆ ಪುಸ್ತಕ, ಒಂದು ಭಾನುವಾರಕ್ಕೆ ಮುಗಿಯುತ್ತದೆ. ಜೋನಸ್ ಅನ್ನೋ ಹುಡುಗ ಗೆಳೆಯನ ಜೊತೆ ಒಂದು ಸೇಬನ್ನು ಅತ್ತಿಂದಿತ್ತ ಎಸೆದು ಆಡುತ್ತಿರುತ್ತಾನೆ. ಗಾಳಿಯಲ್ಲಿರುವಾಗ ಸೇಬು ಒಂದು ಕ್ಷಣ ಬದಲಾದ ಹಾಗೆ ಅವನಿಗೆ ಕಾಣುತ್ತದೆ. ಏನು ಬದಲಾಯಿತು? ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಸೇಬನ್ನು ಮನೆಗೆ ತಂದು ಭೂತಗನ್ನಡಿ ಹಿಡಿದು ನೋಡುತ್ತಾನೆ, ಏನೂ ಇಲ್ಲ. ಎಷ್ಟೋ ಪುಟ ಆದ ಮೇಲೆ ತಿಳಿಯುತ್ತದೆ, ಅವನು ನೋಡಿದ್ದು ಕೆಂಪು ಬಣ್ಣ. ಆ ಊರಲ್ಲಿ ಯಾರಿಗೂ ಬಣ್ಣವೇ ಕಾಣುವುದಿಲ್ಲ. ಅಲ್ಲಿಯವರೆಗೆ ನಾವು ನಮ್ಮ ತಲೆಯಲ್ಲಿ ಆ ಊರಿಗೆ ಹಸಿರು ಹುಲ್ಲು, ನೀಲಿ ಆಕಾಶ ಎಲ್ಲ ಬಳಿದು ಕೂತಿರುತ್ತೇವೆ, ಅದನ್ನೆಲ್ಲ ಒಂದೇ ಏಟಿಗೆ ಅಳಿಸಬೇಕಾಗುತ್ತದೆ. ನಾನು ಆ ಪುಟ ಓದಿ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ.

2014ರ ಸಿನಿಮಾ ಶುರುವಾಗೋದೇ ಕಪ್ಪು ಬಿಳುಪಿನಲ್ಲಿ. ಮುಗೀತು. ಗುಟ್ಟು ಮೊದಲ ನಿಮಿಷದಲ್ಲೇ ಹೊರಗೆ. ಹಾಗಂತ ನಿರ್ದೇಶಕರನ್ನು ಬೈಯೋದು ಹೇಗೆ? ಪುಸ್ತಕ ಬಣ್ಣದ ಬಗ್ಗೆ ಏನೂ ಹೇಳದೆ ಬಾಯಿ ಮುಚ್ಚಿಕೊಂಡು ಇರಬಹುದು, ಕ್ಯಾಮೆರಾಗೆ ಆ ಅನುಕೂಲ ಇಲ್ಲ, ಅದು ಏನನ್ನಾದರೂ ತೋರಿಸಲೇಬೇಕು. ಬಣ್ಣ ಮೆಲ್ಲಗೆ ಬರುವ ದೃಶ್ಯಗಳು ಸಿನಿಮಾದಲ್ಲಿ ಚೆನ್ನಾಗೇ ಇವೆ. ಆದರೆ ಸಿನಿಮಾ ಮೊದಲು ನೋಡಿದವರಿಗೆ ಆ ಸೇಬಿನ ಪುಟ ಇನ್ನು ಯಾವತ್ತೂ ಆ ಥರ ಸಿಗುವುದಿಲ್ಲ. ಇಂಥ ಪುಸ್ತಕವನ್ನು ಗುರುತಿಸೋದು ಹೇಗೆ ಅಂದರೆ, ಓದಿದ ಫ್ರೆಂಡ್ ಹತ್ತಿರ ಒಂದೇ ಪ್ರಶ್ನೆ ಕೇಳಿ: "ಮಧ್ಯದಲ್ಲಿ ಏನಾದರೂ ದೊಡ್ಡದು ಬಯಲಾಗುತ್ತಾ?" ಅವರು ಉತ್ತರ ಹೇಳೋ ಮೊದಲು ಒಂದು ಸಲ ನಕ್ಕರೆ ಪುಸ್ತಕ ಮೊದಲು ಓದಿ.

ಓದುವಾಗ ಏನು ಗುರುತು ಮಾಡಿಕೊಳ್ಳಬೇಕು

ಜಾಸ್ತಿ ಏನೂ ಬೇಡ. ಕಥೆ ಹೇಳುತ್ತಿರುವವರು ಯಾರು, ಅವರಿಗೆ ಎಷ್ಟು ವಯಸ್ಸು, ನಿಮಗೆ ಮೈ ಜುಮ್ಮೆಂದಿದ್ದು ಯಾವ ಪುಟದಲ್ಲಿ. ಇಷ್ಟು ಸಾಕು. ನಿಮ್ಮದೇ ಪುಸ್ತಕವಾದರೆ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ ಇಡಿ, ಲೈಬ್ರರಿಯದ್ದಾದರೆ ಬಸ್ ಟಿಕೆಟ್ ಹರಿದು ಸಿಕ್ಕಿಸಿ. (ಪುಟದ ಮೂಲೆ ಮಡಚುವವರ ಜೊತೆ ನಾನು ಮಾತಾಡಲ್ಲ.)

ವಯಸ್ಸು ಯಾಕೆ ಮುಖ್ಯ ಅಂದರೆ, ಸಿನಿಮಾದವರು ಮೊದಲು ಕೈ ಹಾಕೋದು ಅದಕ್ಕೇ. ಪುಸ್ತಕದ ಜೋನಸ್‌ಗೆ ಹನ್ನೆರಡು ವರ್ಷ, ಸಿನಿಮಾದಲ್ಲಿ ಅವನು ಕಾಲೇಜಿಗೆ ಹೋಗುವ ಹುಡುಗನ ಹಾಗೆ ಇದ್ದಾನೆ. ಗ್ರೀಕ್ ದೇವರ ಮಗ ಪರ್ಸಿ ಜಾಕ್ಸನ್‌ಗೂ ರಿಕ್ ರಿಯೋರ್ಡನ್ ಅವರ 2005ರ ಪುಸ್ತಕದಲ್ಲಿ ಹನ್ನೆರಡೇ, 2010ರ ಸಿನಿಮಾದಲ್ಲಿ ಹೈಸ್ಕೂಲ್ ಹುಡುಗ. ಕಾರಣ ಊಹಿಸೋದು ಕಷ್ಟ ಅಲ್ಲ: ಚಿಕ್ಕ ಮಕ್ಕಳನ್ನು ದಿನಕ್ಕೆ ಇಷ್ಟೇ ಗಂಟೆ ಶೂಟಿಂಗ್‌ಗೆ ಬಳಸಬೇಕು ಅನ್ನೋ ಕಾನೂನಿದೆ, ದೊಡ್ಡವರಾದರೆ ಸ್ವಲ್ಪ ಲವ್ ಕೂಡ ಸೇರಿಸಬಹುದು, ಟಿಕೆಟ್ ಕೊಳ್ಳುವ ಹದಿನಾರು ಹದಿನೇಳರವರು ಬರುತ್ತಾರೆ. ಆದರೆ ಹನ್ನೆರಡರ ಹುಡುಗ ಅಮ್ಮನಿಗೋಸ್ಕರ ಪಾತಾಳಕ್ಕೆ ಹೋಗೋದಕ್ಕೂ ಹದಿನಾರರವನು ಹೋಗೋದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಹನ್ನೆರಡರವನಿಗೆ ಅಮ್ಮ ಅಂದರೆ ಇಡೀ ಮನೆ. ದೊಡ್ಡವನಾದರೆ ಅದು ಸಾಹಸ ಆಗಿಬಿಡುತ್ತದೆ.

ರಿಯೋರ್ಡನ್ ಆ ಸಿನಿಮಾದ ಸ್ಕ್ರಿಪ್ಟ್ ಓದಿ, ಇದು ಸರಿ ಇಲ್ಲ, ವಯಸ್ಸು ಹೆಚ್ಚಿಸಬೇಡಿ ಅಂತ ನಿರ್ಮಾಪಕರಿಗೆ ಮೊದಲೇ ಇಮೇಲ್ ಬರೆದಿದ್ದರು. ಯಾರೂ ಜಾಸ್ತಿ ಕಿವಿಗೊಡಲಿಲ್ಲ. ಎಷ್ಟೋ ವರ್ಷ ಆದಮೇಲೆ ಅವರೇ ಆ ಇಮೇಲ್‌ಗಳನ್ನು ಎಲ್ಲರೂ ಓದುವ ಹಾಗೆ ಹಾಕಿದರು. ಹುಡುಕಿ ಓದಿ, ಸಿಟ್ಟನ್ನು ಮರ್ಯಾದೆಯಿಂದ ಬರೆಯೋದು ಹೇಗೆ ಅಂತ ಕಲಿಯಬಹುದು.

ಲೇಖಕರೇ ಇದ್ದರೂ

2023ರ ಡಿಸೆಂಬರ್‌ನಲ್ಲಿ ಡಿಸ್ನಿ ಪ್ಲಸ್‌ನಲ್ಲಿ 'ಪರ್ಸಿ ಜಾಕ್ಸನ್' ಸೀರೀಸ್ ಬಂತು. ಈ ಸಲ ರಿಯೋರ್ಡನ್ ತಾವೇ ಜೊತೆಗಿದ್ದರು, ವಯಸ್ಸೂ ಹನ್ನೆರಡೇ. ಆಹಾ, ಇನ್ನೇನು ಬೇಕು ಅಂದುಕೊಂಡರೆ ಮೆಡೂಸಾ (ಕಣ್ಣಲ್ಲಿ ಕಣ್ಣಿಟ್ಟವರನ್ನು ಕಲ್ಲು ಮಾಡುವ ರಾಕ್ಷಸಿ) ಎಪಿಸೋಡ್ ಬಂತು.

ಪುಸ್ತಕದಲ್ಲಿ ಅದು ಹೇಗಿದೆ ನೋಡಿ. ಪರ್ಸಿ, ಆನಬೆತ್, ಗ್ರೋವರ್, ಮೂರು ಮಕ್ಕಳು, ಹೊಟ್ಟೆ ಹಸಿದಿದೆ, ಬಸ್ಸು ಸುಟ್ಟುಹೋಗಿದೆ, ಕಾಡಿನ ಮಧ್ಯ ದೀಪ ಹಾಕಿರುವ ಒಂದು ಅಂಗಡಿ. ಪರ್ಸಿಗೆ ಡಿಸ್ಲೆಕ್ಸಿಯಾ, ಬೋರ್ಡ್‌ನ ಅಕ್ಷರ ಅವನಿಗೆ ಗೋಜಲು, ಗ್ರೋವರ್ ಓದಿ ಹೇಳಬೇಕು. ಅಂಗಡಿ ತುಂಬ ಕಲ್ಲಿನ ಬೊಂಬೆಗಳು. ಒಂದು ಬೊಂಬೆ ತನ್ನ ಫರ್ಡಿನಂಡ್ ಅಂಕಲ್ ಥರ ಇದೆ ಅಂತ ಗ್ರೋವರ್ ಹೆದರುತ್ತಾನೆ. ಮುಖಕ್ಕೆ ಪರದೆ ಹಾಕಿಕೊಂಡ ಹೆಂಗಸು ಪ್ರೀತಿಯಿಂದ ಬರ್ಗರ್ ಕೊಡುತ್ತಾಳೆ, ದುಡ್ಡು ಬೇಡ ಅನ್ನುತ್ತಾಳೆ. ಪರ್ಸಿ ಹೊಟ್ಟೆ ತುಂಬ ತಿಂದು ನಿದ್ದೆಗಣ್ಣಾಗುತ್ತಾನೆ. ಬನ್ನಿ ಒಂದು ಫೋಟೋ ತೆಗೀತೀನಿ ಅನ್ನುತ್ತಾಳೆ. ಅಷ್ಟು ಹೊತ್ತಿಗೆ ನಾವು ಓದುವವರು "ಅಯ್ಯೋ ಏಳೋ, ಓಡೋ" ಅಂತ ಕಿರುಚುತ್ತಿರುತ್ತೇವೆ. ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಆ ಅಧ್ಯಾಯದ ಮಜಾ ಇರೋದೇ ಅಲ್ಲಿ.

ಸೀರೀಸ್‌ನಲ್ಲಿ ಇವರಿಗೆ ಅವಳು ಯಾರು ಅಂತ ಶುರುವಿನಲ್ಲೇ ಗೊತ್ತಾಗಿಬಿಡುತ್ತದೆ. ಭಯ ಅಲ್ಲಿಗೆ ಢಮಾರ್. ಸೀರೀಸ್ ಪೂರ್ತಿ ಇದೇ ಕಾಯಿಲೆ, ಮಕ್ಕಳು ತುಂಬ ಜಾಣರಾಗಿಬಿಟ್ಟಿದ್ದಾರೆ. ಆದರೆ ಅದರ ಬದಲು ಒಂದು ಸಿಕ್ಕಿದೆ. ಮೆಡೂಸಾ ಊಟದ ಮೇಜಿನ ಮುಂದೆ ಕೂತು ತನ್ನ ಕಡೆಯ ಕಥೆ ಹೇಳುತ್ತಾಳೆ. ಪರ್ಸಿಯ ಅಪ್ಪ ಪೊಸೈಡನ್, ಆನಬೆತ್‌ಳ ಅಮ್ಮ ಅಥೀನಾ, ಇಬ್ಬರೂ ತನಗೆ ಏನು ಮಾಡಿದರು ಅಂತ ಅವರ ಮಕ್ಕಳ ಮುಂದೆಯೇ ಹೇಳುತ್ತಾಳೆ. ಪುಸ್ತಕದಲ್ಲಿ ಅವಳು ಹೆಚ್ಚುಕಡಿಮೆ ರಾಕ್ಷಸಿ ಅಷ್ಟೇ, ಇಲ್ಲಿ ಅವಳ ದೂರಿಗೆ ಜಾಗ ಇದೆ. ಹಾಗಾದರೆ ಯಾವುದು ಮೇಲು? ನನಗಂತೂ ಬರ್ಗರ್ ತಿನ್ನುವ ದೃಶ್ಯವೇ ಬೇಕು. ಆದರೆ "ಹಾಳು ಮಾಡಿದರು" ಅಂತ ಒಂದೇ ಮಾತಲ್ಲಿ ತಳ್ಳಿಹಾಕೋಕೆ ಆಗುವುದಿಲ್ಲ. ಭಯ ಕೊಟ್ಟು ಜಗಳ ತಗೊಂಡಿದ್ದಾರೆ. ನಿಮ್ಮ ಅಭಿಪ್ರಾಯದಲ್ಲಿ ಈ ಎರಡು ಕಡೆಯೂ ಬರಬೇಕು, ಏನು ಹೋಯಿತು, ಅದರ ಜಾಗಕ್ಕೆ ಏನು ಬಂತು.

ನೋಡುವಾಗ

ಮೊದಲ ಸಲ ನೋಡುವಾಗ ಪುಸ್ತಕ ಕಪಾಟಿನಲ್ಲೇ ಇರಲಿ. ಮದುವೆ ಮನೆ ಊಟಕ್ಕೆ ಕೂತು ಬಾಳೆ ಎಲೆ ಮೇಲೆ ಏನೇನು ಬಡಿಸಿಲ್ಲ ಅಂತ ಲೆಕ್ಕ ಹಾಕುವವರು ಇರುತ್ತಾರಲ್ಲ, ಹಾಗೆ ನೋಡಿದರೆ ರುಚಿಯೇ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ತಮ್ಮನೋ ಕಸಿನ್ನೋ ಕೂತಿದ್ದರೆ "ಪುಸ್ತಕದಲ್ಲಿ ಹೀಗಿಲ್ಲ" ಅನ್ನೋದನ್ನು ನುಂಗಿಕೊಳ್ಳಿ. ಅವರು ಮಧ್ಯದಲ್ಲಿ ಎದ್ದು ಹೋಗುತ್ತಾರೆ, ಅನುಭವದ ಮಾತು.

ಎರಡನೇ ಸಲ ನೋಡುವಾಗ ಚುಕ್ಕೆ ಇಟ್ಟ ಪುಟಗಳನ್ನು ಮಾತ್ರ ಹೋಲಿಸಿ. 'ಹಂಗರ್ ಗೇಮ್ಸ್'ನಲ್ಲಿ ನನ್ನ ಚುಕ್ಕೆ ಇರೋದು ಗುಹೆಯ ಅಧ್ಯಾಯದಲ್ಲಿ. ಮಕ್ಕಳನ್ನು ಕಾಡಿಗೆ ಬಿಟ್ಟು, ಒಬ್ಬರೇ ಉಳಿಯೋವರೆಗೆ ಬಡಿದಾಡಿಸಿ ಟಿವಿಯಲ್ಲಿ ತೋರಿಸುವ ಆಟದ ಕಥೆ ಅದು. ಸುಝಾನ್ ಕಾಲಿನ್ಸ್ ಈ ಪುಸ್ತಕವನ್ನು (2008) ಪೂರ್ತಿ ನಾಯಕಿ ಕ್ಯಾಟ್ನಿಸ್ ಬಾಯಿಂದಲೇ ಹೇಳಿಸಿದ್ದಾರೆ. ಅವಳ ಊರಿನವನೇ ಆದ ಪೀಟಾ ಗಾಯದಿಂದ ನರಳುತ್ತಾ ಮಲಗಿದ್ದಾನೆ. ಕ್ಯಾಟ್ನಿಸ್ ಅವನಿಗೆ ಮುತ್ತು ಕೊಡುತ್ತಾಳೆ, ಸ್ವಲ್ಪ ಹೊತ್ತಿಗೆ ಮೇಲಿಂದ ಪ್ಯಾರಾಶೂಟ್‌ನಲ್ಲಿ ಬಿಸಿ ಸೂಪ್ ಬರುತ್ತದೆ. ಚೀಟಿ ಏನೂ ಇಲ್ಲ. ಒಂದು ಮುತ್ತಿಗೆ ಒಂದು ಪಾತ್ರೆ ಸೂಪ್, ಪ್ರೇಮಕಥೆ ಮೆಚ್ಚಿದವರ ದುಡ್ಡಿಂದ ಹೊರಗಿಂದ ಉಡುಗೊರೆ ಕಳಿಸುವ ಅವರ ಗುರು ಹೇಮಿಚ್ ಹೇಳುತ್ತಿರೋದು ಇದೇ ಅಂತ ಅವಳೇ ಲೆಕ್ಕ ಹಾಕಿಕೊಳ್ಳುತ್ತಾಳೆ. ಆಮೇಲಿಂದ ಅವಳು ಪೀಟಾನ ಕೈ ಹಿಡಿದರೂ, ಅವನ ತಲೆ ಸವರಿದರೂ, ಇದು ನಿಜಾನಾ ನಾಟಕಾನಾ ಅಂತ ನಮಗೆ ಅನುಮಾನ. ಅವಳಿಗೇ ಸರಿಯಾಗಿ ಗೊತ್ತಿಲ್ಲ ಅನ್ನೋದು ಇನ್ನೂ ಭಯಂಕರ.

2012ರ ಸಿನಿಮಾಗೆ ಅವಳ ತಲೆಯೊಳಗೆ ಹೋಗೋಕೆ ಆಗಲ್ಲ. ಅದಕ್ಕೆ ಸೂಪ್ ಜೊತೆ ಒಂದು ಚೀಟಿ ಕಳಿಸುತ್ತಾರೆ, ಇದೂ ಒಂದು ಮುತ್ತಾ ಅಂತ ಹೇಮಿಚ್ ಕೆಣಕಿ ಬರೆದದ್ದು. ಜಾಣ ಉಪಾಯ, ಥಿಯೇಟರ್‌ನಲ್ಲಿ ನಗು ಬರುತ್ತದೆ. ಆದರೆ ಪುಸ್ತಕದಲ್ಲಿ ಲೆಕ್ಕ ಹಾಕಿದ್ದು ಕ್ಯಾಟ್ನಿಸ್, ಸಿನಿಮಾದಲ್ಲಿ ಲೆಕ್ಕ ಹೇಳಿಕೊಟ್ಟಿದ್ದು ಹೇಮಿಚ್. ಇದರಿಂದ ಅವಳು ಸ್ವಲ್ಪ ಒಳ್ಳೆಯವಳಾಗಿ ಕಾಣುತ್ತಾಳೆ, ನನಗೆ ಅದೇ ಇಷ್ಟ ಆಗಲಿಲ್ಲ. ಪುಸ್ತಕದ ಕೊನೆಯಲ್ಲಿ, ವಾಪಸ್ ಹೋಗುವ ದಾರಿಯಲ್ಲಿ, ಅದೆಲ್ಲ ಆಟಕ್ಕೋಸ್ಕರ ಮಾಡಿದ್ದಾ ಅಂತ ಪೀಟಾಗೆ ತಿಳಿಯುವಾಗ ನೋವಾಗೋದು ನಾವೂ ಆ ಲೆಕ್ಕದಲ್ಲಿ ಪಾಲುದಾರರಾಗಿರುವುದಕ್ಕೆ. ಸಿನಿಮಾದಲ್ಲಿ ಆ ಏಟು ಮೆತ್ತಗಾಗಿದೆ.

ಇನ್ನೊಂದು ಕಡೆ, ಅದೇ ಸಿನಿಮಾ ಕ್ಯಾಟ್ನಿಸ್‌ಗೆ ಗೊತ್ತೇ ಇಲ್ಲದ ಜಾಗಕ್ಕೆ ನಮ್ಮನ್ನು ಕರೆದುಕೊಂಡು ಹೋಗುತ್ತದೆ. ಕಂಟ್ರೋಲ್ ರೂಮಿನಲ್ಲಿ ಬಿಳಿ ಬಟ್ಟೆ ಹಾಕಿದವರು ಬಟನ್ ಒತ್ತಿ ಕಾಡಿಗೆ ಬೆಂಕಿ ಹಚ್ಚುತ್ತಾರೆ, ಅವರಿಗೆ ಅದು ಆಫೀಸ್ ಕೆಲಸ. ಕೊನೆಯಲ್ಲಿ ಆಟ ನಡೆಸುವ ಸೆನೆಕಾ ಕ್ರೇನ್‌ನನ್ನು ಒಂದು ಕೋಣೆಯೊಳಗೆ ಬಿಟ್ಟು ಬಾಗಿಲು ಹಾಕುತ್ತಾರೆ, ಒಳಗೆ ಒಂದು ಬಟ್ಟಲು ತುಂಬ ವಿಷದ ಹಣ್ಣು. ಒಂದು ಮಾತಿಲ್ಲ. ಇದು ಪುಸ್ತಕದಲ್ಲಿ ಇಲ್ಲ, ಇರೋಕೂ ಸಾಧ್ಯವಿಲ್ಲ. ಇಂಥದ್ದು ಸಿಕ್ಕಾಗ ಒಪ್ಪಿಕೊಳ್ಳಿ.

ಕತ್ತರಿ ಹಾಕಿದ್ದನ್ನು ಅಳೆಯೋದು

ಸೀನ್ ಹೋಯಿತು ಅಂತ ಅಳುವ ಮೊದಲು ಕೇಳಿಕೊಳ್ಳಿ, ಅದು ಹೋದದ್ದರಿಂದ ಮುಂದೆ ಏನಾದರೂ ಟೊಳ್ಳಾಯಿತಾ? 'ಹಂಗರ್ ಗೇಮ್ಸ್' ಪುಸ್ತಕದಲ್ಲಿ ಮಾಕಿಂಗ್‌ಜೇ ಹಕ್ಕಿಯ ಪಿನ್ ಕೊಡುವ ಮೇಯರ್ ಮಗಳು ಮ್ಯಾಡ್ಜ್ ಸಿನಿಮಾದಲ್ಲಿ ಇಲ್ಲ, ಪಿನ್ ಕ್ಯಾಟ್ನಿಸ್‌ಗೆ ಸಂತೆಯಲ್ಲಿ ಸಿಗುತ್ತದೆ. ಮೊದಲ ಸಿನಿಮಾಗೆ ಅದರಿಂದ ತೊಂದರೆ ಆಗಲಿಲ್ಲ. ಆದರೆ 2004ರ ಹ್ಯಾರಿ ಪಾಟರ್ ಸಿನಿಮಾದಲ್ಲಿ ಆ ಮಾಯದ ಮ್ಯಾಪ್ ಮಾಡಿದ್ದು ಹ್ಯಾರಿಯ ಅಪ್ಪ ಮತ್ತು ಅವರ ಗೆಳೆಯರು ಅಂತ ಹೇಳುವುದೇ ಇಲ್ಲ. ಅಪ್ಪ ಜಿಂಕೆಯಾಗಿ ರೂಪ ಬದಲಾಯಿಸುತ್ತಿದ್ದರು ಅನ್ನೋದೂ ಇಲ್ಲ, ಹಾಗಾಗಿ ಹ್ಯಾರಿಯ ಮಂತ್ರದಿಂದ ಜಿಂಕೆಯೇ ಯಾಕೆ ಬಂತು ಅಂತ ಪುಸ್ತಕ ಓದದವರಿಗೆ ಗೊತ್ತಾಗುವುದೇ ಇಲ್ಲ. ಎರಡು ವಾಕ್ಯ ಸಾಕಿತ್ತು! ಉಳಿದಂತೆ ಅದೇ ಎಂಟರಲ್ಲಿ ನನಗೆ ಅತಿ ಇಷ್ಟದ ಸಿನಿಮಾ, ಅದಕ್ಕೇ ಸಿಟ್ಟು ಜಾಸ್ತಿ.

ಕೊನೆಯ ಪುಸ್ತಕವನ್ನು ಎರಡು ಸಿನಿಮಾ ಮಾಡುವ ಚಟದ ಬಗ್ಗೆ ಜಾಸ್ತಿ ಹೇಳಲ್ಲ. ಮೂರು ಪುಸ್ತಕದ 'ಡೈವರ್ಜೆಂಟ್' ಸರಣಿ ಒಂದು ಉದಾಹರಣೆ ಸಾಕು. 2016ರಲ್ಲಿ ಮೂರನೇ ಪುಸ್ತಕದ ಮೊದಲ ಭಾಗ ಬಂತು, ಓಡಲಿಲ್ಲ, ಕೊನೆಯ ಭಾಗವನ್ನು ಮಾಡಲೇ ಇಲ್ಲ. ಕಥೆ ಅಲ್ಲೇ ನೇತಾಡುತ್ತಿದೆ.

ಊರು ಬದಲಾದರೆ

ಇದು ನಮಗೆ ಹತ್ತಿರದ ವಿಷಯ. ಜಾನ್ ಗ್ರೀನ್ ಅವರ 'ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್' 2012ರಲ್ಲಿ ಬಂತು, 2014ರಲ್ಲಿ ಇಂಗ್ಲಿಷ್ ಸಿನಿಮಾ ಆಯಿತು. ಆಮೇಲೆ 2020ರಲ್ಲಿ ಹಿಂದಿಯಲ್ಲಿ 'ದಿಲ್ ಬೇಚಾರಾ'. ಆಮ್‌ಸ್ಟರ್‌ಡ್ಯಾಮ್ ಹೋಗಿ ಪ್ಯಾರಿಸ್ ಬಂತು, ಅಮೆರಿಕದ ಊರು ಹೋಗಿ ಜಮ್‌ಷೆಡ್‌ಪುರ ಬಂತು. ಅದು ಸುಶಾಂತ್ ಸಿಂಗ್ ರಜಪೂತ್ ಅವರ ಕೊನೆಯ ಸಿನಿಮಾ, ಅವರು ತೀರಿಕೊಂಡ ಮೇಲೆ ಬಿಡುಗಡೆ ಆದದ್ದು, ಹಾಗಾಗಿ ಅದರ ಬಗ್ಗೆ ಯಾರೂ ತಣ್ಣಗೆ ಮಾತಾಡುವುದಿಲ್ಲ. ನಾನು ಪ್ರಯತ್ನ ಮಾಡುತ್ತೇನೆ.

ಊರು ಬದಲಾಯಿಸಿದ್ದಕ್ಕೆ ನನ್ನ ತಕರಾರಿಲ್ಲ. ತಕರಾರು ಇರೋದು ಇನ್ನೊಂದಕ್ಕೆ. ಪುಸ್ತಕದ ನಾಯಕಿ ಹೇಝಲ್‌ಗೆ ಕ್ಯಾನ್ಸರ್. ಅವಳಿಗೆ ಇಷ್ಟವಾದ ಒಂದು ಕಾದಂಬರಿ ವಾಕ್ಯದ ಮಧ್ಯದಲ್ಲೇ ನಿಂತುಹೋಗುತ್ತದೆ. ಕಥೆ ಹೇಳುತ್ತಿದ್ದ ಹುಡುಗಿಗೆ ಮುಂದೆ ಹೇಳುವ ಶಕ್ತಿ ಇಲ್ಲ. ಆಮೇಲೆ ಆ ಹುಡುಗಿಯ ಅಮ್ಮನಿಗೆ ಏನಾಯಿತು ಅಂತ ಲೇಖಕನನ್ನು ಕೇಳೋಕೆ ಹೇಝಲ್ ಅಷ್ಟು ದೂರ ಹೋಗುತ್ತಾಳೆ. ಅವಳು ಯಾರ ಅಮ್ಮನ ಬಗ್ಗೆ ಕೇಳುತ್ತಿದ್ದಾಳೆ ಅಂತ ಬಿಡಿಸಿ ಹೇಳಬೇಕಾ? ಹಿಂದಿಯಲ್ಲಿ ಕಾದಂಬರಿಯ ಬದಲು ಅರ್ಧಕ್ಕೆ ನಿಂತ ಹಾಡು ಇಟ್ಟಿದ್ದಾರೆ. ನಮ್ಮ ಸಿನಿಮಾಗಳಲ್ಲಿ ಹಾಡಿಗೆ ಜೀವ ಬಿಡುವವರು ಇದ್ದಾರೆ, ಎ. ಆರ್. ರೆಹಮಾನ್ ಸಂಗೀತ ಬೇರೆ, ಹಾಗಾಗಿ ಯೋಚನೆ ಸಹಜವಾಗೇ ಇದೆ. ಆದರೆ ಹಾಡಿನೊಳಗೆ ಅಮ್ಮ ಇಲ್ಲ. ಹಾಡು ಯಾಕೆ ಅರ್ಧಕ್ಕೆ ನಿಂತಿತು ಅಂತ ಕೇಳಬಹುದು, ಅಮ್ಮ ಏನಾದಳು ಅಂತ ಕೇಳೋಕಾಗಲ್ಲ. ಒಂದು ಸಣ್ಣ ಅದಲುಬದಲು, ಪ್ರಶ್ನೆಯೇ ಕೈತಪ್ಪಿ ಹೋಯಿತು.

ಕನ್ನಡದಲ್ಲಿ ಇದರ ತದ್ವಿರುದ್ಧ ಒಂದಿದೆ, 2023ರ 'ಡೇರ್ ಡೆವಿಲ್ ಮುಸ್ತಾಫಾ'. ತೇಜಸ್ವಿ ಓದುಗರೇ ಸೇರಿ ದುಡ್ಡು ಹಾಕಿ ಮಾಡಿದ ಸಿನಿಮಾ, ಶಶಾಂಕ್ ಸೋಗಾಲ್ ನಿರ್ದೇಶನ. ತೇಜಸ್ವಿಯವರದು ಪುಟ್ಟ ಕಥೆ. ಇಲ್ಲಿ ಕತ್ತರಿ ಹಾಕುವ ಪ್ರಶ್ನೆಯೇ ಇಲ್ಲ, ಸೇರಿಸಲೇಬೇಕು. ಕಥೆ ಓದೋಕೆ ಹೆಚ್ಚು ಹೊತ್ತು ಬೇಡ, ಇವತ್ತು ಓದಿ ಇವತ್ತೇ ನೋಡಬಹುದು. ಹೋಲಿಸಿ ನೋಡೋದನ್ನು ಕಲಿಯೋಕೆ ಇದಕ್ಕಿಂತ ಸುಲಭದ್ದು ನನಗೆ ಗೊತ್ತಿಲ್ಲ. ಸೇರಿಸಿದ ಒಂದೊಂದು ದೃಶ್ಯಕ್ಕೂ ಕಥೆಯಲ್ಲಿ ಬೀಜ ಎಲ್ಲಿದೆ ಅಂತ ಹುಡುಕಿ.

ಮುಖದ ಜಗಳ

ಪಾತ್ರಕ್ಕೆ ಯಾರನ್ನು ಹಾಕಿದರು ಅನ್ನೋದರ ಬಗ್ಗೆ ಬರೆಯುವ ಮೊದಲು ಪುಸ್ತಕ ತೆಗೆದು ನೋಡಿ. 2012ರ 'ಹಂಗರ್ ಗೇಮ್ಸ್'ನಲ್ಲಿ ರೂ ಅನ್ನೋ ಪುಟ್ಟ ಹುಡುಗಿಯ ಪಾತ್ರಕ್ಕೆ ಕಪ್ಪು ಹುಡುಗಿಯನ್ನು ಹಾಕಿದ್ದಾರೆ ಅಂತ ಕೆಲವು ಓದುಗರು ಕೆಟ್ಟದಾಗಿ ಬರೆದರು. ರೂಳ ಮೈಬಣ್ಣ ಕಂದು ಕಪ್ಪು ಅಂತ ಪುಸ್ತಕದಲ್ಲೇ ಇದೆ! ಓದುವಾಗ ತಲೆಯಲ್ಲಿ ಬಂದ ಚಿತ್ರವನ್ನೇ ಪುಸ್ತಕ ಅಂದುಕೊಂಡಿದ್ದರು. ಆನಬೆತ್ ವಿಷಯ ಬೇರೆ, ಪುಸ್ತಕದಲ್ಲಿ ಅವಳ ಕೂದಲು ಹೊಂಬಣ್ಣ, ಸೀರೀಸ್‌ನಲ್ಲಿ ಲೀಯಾ ಜೆಫ್ರೀಸ್ ಕಪ್ಪು ಹುಡುಗಿ. ಜನ ಬೈದಾಗ ಲೇಖಕರೇ ಅವಳ ಪರ ನಿಂತರು. 2010ರ ಸಿನಿಮಾದಲ್ಲೂ ಆನಬೆತ್ ಕೂದಲು ಹೊಂಬಣ್ಣ ಇರಲಿಲ್ಲ, 2013ರ ಹೊತ್ತಿಗೆ ಬಣ್ಣ ಬಳಿದರು, ಸಿನಿಮಾ ಅದರಿಂದ ಒಂದಿಷ್ಟೂ ಉದ್ಧಾರ ಆಗಲಿಲ್ಲ. ಆನಬೆತ್ ಜಾಣೆ, ಹಟಮಾರಿ, ಅಮ್ಮನ ಮೆಚ್ಚುಗೆಗೆ ಹಂಬಲಿಸುವವಳು. ಅದು ತೆರೆ ಮೇಲೆ ಕಾಣುತ್ತಾ? ಅದನ್ನು ಬರೆಯಿರಿ.

ಅಭ್ಯಾಸಕ್ಕೆ ಒಂದು

ಈ ಗುಟ್ಟಿನ ಲೆಕ್ಕವನ್ನು ಪರೀಕ್ಷೆ ಮಾಡೋಕೆ ಒಳ್ಳೆ ಅವಕಾಶ ಇದೆ. ಹೇಮಿಚ್ ಹುಡುಗನಾಗಿದ್ದಾಗ ಆ ಆಟಕ್ಕೆ ಹೋದ ಕಥೆ, 'ಸನ್‌ರೈಸ್ ಆನ್ ದಿ ರೀಪಿಂಗ್', 2025ರ ಮಾರ್ಚ್‌ನಲ್ಲಿ ಪುಸ್ತಕವಾಗಿ ಬಂತು. ಸಿನಿಮಾವನ್ನು 2026ರ ನವೆಂಬರ್‌ಗೆ ಅಂತ ಘೋಷಿಸಿದ್ದಾರೆ. ಹೇಮಿಚ್ ಹೇಗೆ ಗೆದ್ದ ಅನ್ನೋದು 'ಕ್ಯಾಚಿಂಗ್ ಫೈರ್' ಪುಸ್ತಕದಲ್ಲಿ ಮೊದಲೇ ಇದೆ, ಕ್ಯಾಟ್ನಿಸ್ ಮತ್ತು ಪೀಟಾ ಹಳೆಯ ಟೇಪ್ ಹಾಕಿ ನೋಡುತ್ತಾರೆ. 2013ರ ಸಿನಿಮಾದಲ್ಲಿ ಆ ಟೇಪ್ ಇಲ್ಲ. ಅಂದರೆ ಪುಸ್ತಕ ಓದಿದವರು ಅವನು ಹೇಗೆ ಗೆಲ್ಲುತ್ತಾನೆ ಅಂತ ಗೊತ್ತಿದ್ದೇ ಒಳಗೆ ಹೋಗುತ್ತಾರೆ, ಆಟ ನಡೆಸುವ ಸರ್ಕಾರ, ಅಂದರೆ ಕ್ಯಾಪಿಟಲ್, ಆ ಟೇಪ್‌ನಲ್ಲಿ ಏನನ್ನು ಮುಚ್ಚಿಟ್ಟಿತ್ತು ಅಂತ ಹುಡುಕುತ್ತಾ ನೋಡುತ್ತಾರೆ. ಬರೀ ಸಿನಿಮಾ ನೋಡಿಕೊಂಡು ಬಂದವರಿಗೆ ಗೆದ್ದದ್ದು ಹೇಗೆ ಅನ್ನೋದೇ ಹೊಸ ಸುದ್ದಿ. ಒಂದೇ ಥಿಯೇಟರ್, ಎರಡು ಬೇರೆ ಸಿನಿಮಾ. ನನ್ನ ಕಸಿನ್ ಸಿನಿಮಾದವಳು, ನಾನು ಪುಸ್ತಕದವಳು, ಅಕ್ಕಪಕ್ಕ ಕೂತು ನೋಡೋದು ಅಂತ ಆಗಿದೆ. ನಿಮ್ಮ ಮನೆಯಲ್ಲೂ ಪುಸ್ತಕ ಮುಟ್ಟದವರು ಯಾರಾದರೂ ಇದ್ದರೆ ಅವರಿಗೆ ಈಗಲೇ ಏನೂ ಹೇಳಬೇಡಿ, ಜೊತೆಗೆ ಕರೆದುಕೊಂಡು ಹೋಗಿ, ಇಂಟರ್‌ವಲ್‌ನಲ್ಲಿ ಅವರು ಏನು ಊಹಿಸುತ್ತಾರೆ ಅಂತ ಕೇಳಿ ಬರೆದಿಟ್ಟುಕೊಳ್ಳಿ.